ಹೆದೆಯಿಳಿಸಿ ಇಡಿ

ಹನ್ನೆರಡು ವರ್ಷ ಅಟ್ಟದ ಮೇಲೆ ಮಲಗಿ
ನಮ್ಮ ಒಲೆಯ ಹೊಗೆ ಕುಡಿದ ತಡಸಲು.
ಗಾಳಿಗೆ ಬಿದ್ದದ್ದು, ಕಡಿದದ್ದಲ್ಲ
ಎಂದು ಮಾವ ಯಾರೂ ಕೇಳದಿದ್ದರೂ ಹೇಳುತ್ತಾನೆ.
ಸರಗೂರಿನಾಚೆ, ಆನೆಕಂದಕಕ್ಕೆ
ನಾಲ್ಕೇ ಹೊಲ ದೂರದ ಊರಲ್ಲಿ
ಇಂಥ ಮಾತು ಮೊದಲೇ ಹೇಳಿಬಿಡುವುದು ವಾಡಿಕೆ.

ಮೈಸೂರಿನಿಂದ ಕಾಗದ ಬಂದಿತ್ತು:
ಮ್ಯೂಸಿಯಮ್ಮಿಗೆ ಒಂದು ಬೇಟೆಬಿಲ್ಲು,
ಹಳೇ ಕ್ರಮದ್ದು, ಮರದ್ದು,
ಹೆದೆಯೇರಿಸಿ, ಬಾಣ ಹೂಡಿದ ಹಾಗೆ.
ನಾನು ಓದಿದೆ. ಕೊನೆಯ ಸಾಲಿಗೆ
ಮಾವ ಎದ್ದು ಹೋಗಿ ಎಲೆ ಉಗಿದು ಬಂದ.

ದೊಡ್ಡಸಿದ್ದನಾಯಕನ ಕಣ್ಣಿಗೆ ಪೊರೆ ಬಂದು ಮೂರು ವರ್ಷ.
ಬಿಲ್ಲು ಕೆತ್ತುವಾಗ ಹೆಂಗಸರ ನೆರಳು ಬೀಳಬಾರದೆಂದು
ನನ್ನವ್ವನನ್ನು ಜಗಲಿಯಿಂದ ಎಬ್ಬಿಸಿ ಕಳಿಸಿದ್ದವನು
ಈಗ ನನ್ನ ಕಣ್ಣು ಸಾಲ ಕೇಳಿದ.
ಕೇಳಿದ ಅಂದೆನೆ? ಇಲ್ಲ.
"ಬೆಳಕಿಗೆ ಬಾರಮ್ಮಿ" ಅಂದ, ಅಷ್ಟೆ.

ಮೊದಲ ದಿನ ಬಾಚಿ. ಎರಡನೆಯ ದಿನವೂ ಬಾಚಿ.
ಹೊಟ್ಟೆಯ ಕಡೆ ಮಾತ್ರ ಕೆತ್ತಬೇಕು;
ಬೆನ್ನಿನ ಉಂಗುರದ ಒಂದೇ ಒಂದು ಎಳೆ ಕುಯ್ದರೂ
ಅಲ್ಲಿಂದಲೇ ಸೀಳುತ್ತದಂತೆ.
ನಡುವೆ ಒಂದು ಗಿಣ್ಣು, ಗಜ್ಜುಗದಷ್ಟು.
ತೆಗೆಯಲಾ ಅಂದೆ. ಮಾವನ ಹೆಬ್ಬೆರಳು
ಅದನ್ನು ಒಂದು ಸುತ್ತು ಬಂತು.
"ಅದರ ಸುತ್ತ ದಪ್ಪ ಬುಡು.
ಅದೂ ಬದುಕ್ಬೇಕಲ್ಲ."

ಆಮೇಲೆ ಬಾಟಲಿ ಚೂರು.
ಗಾಜು ಎಳೆದಲ್ಲೆಲ್ಲ ಸುರುಳಿ ಸುರುಳಿ ಎದ್ದು
ಹೆಕ್ಕಲು ಬಂದ ಕೋಳಿ ಬೇಸತ್ತು ಹೋಯಿತು.
ಇಪ್ಪತ್ತು ಸಲ ಹೆರೆ, ಒಮ್ಮೆ ಬಗ್ಗಿಸು, ಕೇಳು.
ಸುಣ್ಣದ ಗೋಡೆಗೆ ಒತ್ತಿ ಹಿಡಿದು
ಇದ್ದಿಲಲ್ಲಿ ಬಾಗನ್ನು ಗೀಚಿದೆ.
"ಯಾವ ಕಡೆ ಸೋಂಬೇರಿ?"
"ಎಡ."
"ಸೋಂಬೇರೀನ ಹೆರಿ. ದುಡಿಯೋದನ್ನ ಮುಟ್ಟಬ್ಯಾಡ,
ಪಾಪದ್ದು, ಆಗಲೇ ಇಬ್ಬರ ಪಾಲು ಬಗ್ತಾ ಅದೆ."

ಗೋಡೆ ತುಂಬ ಗೆರೆಯ ಮೇಲೆ ಗೆರೆ:
ಮೊದಲು ಸೊಟ್ಟ ಹುಬ್ಬು, ಆಮೇಲೆ ಬಲಿತ ಸೌತೆಕಾಯಿ,
ಐದನೆಯ ದಿನ ತದಿಗೆ ಚಂದ್ರ.
ಹಬ್ಬಕ್ಕೆ ಸುಣ್ಣ ಬಳಿಯುತ್ತ ಬಂದ ಅತ್ತೆ
ಅಲ್ಲಿ ಒಂದು ಗಳಿಗೆ ನಿಂತು
ಅಷ್ಟು ಜಾಗ ಬಿಟ್ಟು ಮುಂದಕ್ಕೆ ಬಳಿದಳು.

ಏನೇನು ಹೊಡೆದಿದ್ದೆ ಮಾವ, ಆಗ?
"ಹೊಡೆದದ್ದು ನೆಪ್ಪಿಲ್ಲ.
ತಪ್ಪಿದ್ದು ನೆಪ್ಪದೆ. ಒಂದು ಕಡವೆ.
ತಿರುಗಿ ನೋಡ್ತು."

ಕತ್ತಾಳೆ ನಾರು ತೊಡೆಯ ಮೇಲೆ ಹೊಸೆದು ಹೆದೆ;
ತೊಡೆ ನನ್ನದು, ರಾತ್ರಿಯೆಲ್ಲ ನವೆಯೂ ನನ್ನದೇ.
ಹರಳೆಣ್ಣೆ ಉಂಡ ಮರ ಸಂಜೆಗೆ ಹುಣಸೆಬೀಜದ ಬಣ್ಣ.
ಇಬ್ಬರೂ ಸೇರಿ ಏರಿಸಿದೆವು.
ಮಾವ ಕಿವಿಯ ಹತ್ತಿರ ತಂದು ಮೀಟಿದ.
ಅಂಗಳದ ನಾಯಿ, ಹುಟ್ಟಿದಾಗಿನಿಂದ ಬೇಟೆ ಕಾಣದ್ದು,
ಎದ್ದು ನಿಂತಿತು.

ಒಂದೇ ಸಲ. ಬಾಣವಿಲ್ಲ. ಆಮೇಲೆ ಇಳಿಸಿದ.

"ಬರಕೋ" ಅಂದ. ಬಂದ ಕಾಗದದ ಬೆನ್ನಿಗೇ
ಅವನು ಹೇಳಿದ ಹಾಗೆ, ತಿದ್ದದೆ ಬರೆದೆ:
ಏರಿಸಿ ಗಾಜಿನೊಳಗೆ ಇಟ್ರೆ
ಆರು ತಿಂಗಳಿಗೆ, ಬಾಗಿರೋದೇ ತನ್ನ ಹುಟ್ಟು ಅಂದ್ಕೋತದೆ.
ಆಮೇಲೆ ನೀವು ಬುಟ್ರೂ ನೆಟ್ಟಗಾಗಕಿಲ್ಲ.
ಇಳಿಸಿ ಇಡಿ. ಜನ ಕೋಲು ಅಂದ್ರೆ ಅನ್ಲಿ.
ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿ ಮಡಿಸುವಾಗ
"ನೀನೂ ಒತ್ತು" ಅಂದ.
ನನಗೆ ರುಜು ಬರುತ್ತದೆ.
ಆದರೂ ಒತ್ತಿದೆ.

ಮೈಸೂರು ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ:
"ಏನಮ್ಮ ಅದು ಉದ್ದಕ್ಕೆ, ಕೋಲಾ?"
"ಹ್ಞೂಂ, ಕೋಲು."
ಲಗೇಜು ಹರಿಯದೆ ಮುಂದಕ್ಕೆ ಹೋದ.
ಹಂಪಾಪುರ ದಾಟಿ ಹಳ್ಳದಲ್ಲಿ ಬಸ್ಸು ಎತ್ತಿಹಾಕಿದಾಗ
ನನ್ನ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ
ಅದು ಒಂದಿಷ್ಟು ಬಾಗಿ,
ಮತ್ತೆ ನೆಟ್ಟಗಾಯಿತು.